ಹಿಂದೆ ಸರಿದ ವಸಡು

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಲ್ಲಿಗೆ ಇಷ್ಟು ಮರ್ಯಾದೆ ಕೊಟ್ಟ ನಾವು, ಆ ಹಲ್ಲನ್ನು ಸುತ್ತ ಹಿಡಿದು ಕಾಪಾಡುವ ವಸಡಿನ ವಿಚಾರದಲ್ಲಿ ಮಾತ್ರ ಮೌನವಾಗಿದ್ದೇವೆ. ಹಲ್ಲು ದಾಳಿಂಬೆಯ ಬೀಜದ ಸಾಲಿನಂತಿದೆ ಎನ್ನುವವರು ಆ ಬೀಜಗಳನ್ನು ಹಿಡಿದಿರುವ ಮೆತ್ತೆಯನ್ನು ಮರೆಯುತ್ತಾರೆ. ಅದು ನೆನಪಿಗೆ ಬರುವುದು ಎಂದೋ ಒಂದು ಬೆಳಿಗ್ಗೆ ತಣ್ಣೀರು ಬಾಯಿಗೆ ಹಾಕಿಕೊಂಡಾಗ ಹಲ್ಲು ಜುಮ್ಮೆಂದ ಮೇಲೆ. ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ನೋಡಿದರೆ ಹಲ್ಲು ಮೊದಲಿಗಿಂತ ಉದ್ದವಾಗಿ ಕಾಣುತ್ತದೆ. ಹಲ್ಲು ಬೆಳೆದಿಲ್ಲ, ವಸಡು ಹಿಂದಕ್ಕೆ ಸರಿದಿದೆ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಮನುಷ್ಯನ ವಿಚಾರದಲ್ಲೂ ನಾವು ಇದೇ ಲೆಕ್ಕ ಹಾಕಿ, "ವಯಸ್ಸಾಯಿತು, ವಸಡು ಸವೆಯಿತು, ಇನ್ನೇನು" ಎಂದು ಸುಮ್ಮನಾಗುತ್ತೇವೆ. ಈ ಸಮಾಧಾನ ಸರಿಯಲ್ಲ. ವಸಡು ಸರಿಯುವುದಕ್ಕೆ ಕಾರಣಗಳಿವೆ, ಅವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲೇ ಇವೆ. ಸರಿದ ವಸಡನ್ನು ಮತ್ತೆ ಮೇಲೆ ತರುವ ಶಸ್ತ್ರಕ್ರಿಯೆಯೂ ಇದೆ. ಆ ಶಸ್ತ್ರಕ್ರಿಯೆಯ ವಂಶವೃಕ್ಷವನ್ನು ಹಿಡಿದು ಹೋದರೆ ಅದರ ಒಂದು ಬೇರು ಟಿಪ್ಪು ಸುಲ್ತಾನನ ಕಾಲದ ನಮ್ಮದೇ ನೆಲದ ಯುದ್ಧಕ್ಕೆ ಬಂದು ಮುಟ್ಟುತ್ತದೆ. ಆ ಕಥೆಯನ್ನು ಹೇಳುವ ಮುನ್ನ ರೋಗದ ಪರಿಚಯ ಮಾಡಿಕೊಳ್ಳೋಣ.

ಹಲ್ಲಿನ ಹೊರಗೆ ಕಾಣುವ ಭಾಗಕ್ಕೆ ಎನಾಮಲ್ ಎಂಬ ಗಟ್ಟಿ ಹೊದಿಕೆಯಿದೆ. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇಲ್ಲ. ಆದರೆ ಬೇರಿಗೆ ಈ ಕವಚವಿಲ್ಲ; ಅದರ ಮೇಲಿರುವುದು ತೆಳುವಾದ, ಮೆದುವಾದ ಒಂದು ಪದರ ಮಾತ್ರ. ಬೇರಿಗೆ ಕವಚವೆಂದರೆ ವಸಡು ಮತ್ತು ಅದರ ಹಿಂದಿನ ಎಲುಬು. ಇವೆರಡೂ ಸರಿದಾಗ ಬೇರು ಬತ್ತಲೆಯಾಗುತ್ತದೆ. ತಣ್ಣನೆಯದು, ಸಿಹಿ, ಹುಳಿ ಯಾವುದು ತಾಕಿದರೂ ಜುಮ್ಮೆನ್ನುತ್ತದೆ. ಬೇರು ಬೇಗ ಸವೆಯುತ್ತದೆ, ಬೇಗ ಹುಳುಕಾಗುತ್ತದೆ. ಕೈಯ ಚರ್ಮ ಕೊಯ್ದರೆ ತಾನಾಗಿ ಕೂಡಿಕೊಳ್ಳುವಂತೆ ಈ ವಸಡು ತಾನಾಗಿ ಮತ್ತೆ ಮೇಲೇರಿ ಬೇರನ್ನು ಮುಚ್ಚುತ್ತದೆಂದು ಕಾಯುವುದು ವ್ಯರ್ಥ. ಯಾವ ಪುಡಿ, ಯಾವ ಎಣ್ಣೆ, ಯಾವ ಲೇಹ್ಯವೂ ಆ ಕೆಲಸ ಮಾಡುವುದಿಲ್ಲ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತವರಲ್ಲ. ಸುಶ್ರುತ ಸಂಹಿತೆ ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಅವುಗಳಲ್ಲಿ 15 ದಂತಮೂಲಕ್ಕೆ, ಎಂದರೆ ವಸಡಿಗೆ ಸೇರಿದವು. ಹಲ್ಲಿಗೆ ಸೇರಿದವು ಎಂಟೇ. ಶೀತಾದ ಎಂಬ ರೋಗದಲ್ಲಿ ವಸಡಿನಿಂದ ಇದ್ದಕ್ಕಿದ್ದಂತೆ ರಕ್ತ ಬರುವುದು, ದುರ್ವಾಸನೆ, ವಸಡು ಕಪ್ಪಾಗಿ ಮೆತ್ತಗಾಗಿ ಕಳಚಿಹೋಗುವುದು ಇವು ಲಕ್ಷಣಗಳು. ಉಪಕುಶದಲ್ಲಿ ಉರಿ, ಕೀವು, ಹಲ್ಲು ಅಲ್ಲಾಡುವುದು. ನಮ್ಮ ತಂದೆ ತಾತಂದಿರ ಕಾಲದಲ್ಲಿ ಪಯೋರಿಯ ಎಂದು ಎಲ್ಲರ ಬಾಯಲ್ಲಿದ್ದ ರೋಗದ ಚಿತ್ರ ಇಲ್ಲಿದೆ. ಇದಕ್ಕಿಂತ ಕುತೂಹಲದ ಸಂಗತಿಯೆಂದರೆ ದಂತವೈದರ್ಭ ಎಂಬ ಇನ್ನೊಂದು ರೋಗ. ವಸಡನ್ನು ಉಜ್ಜಿ ಗಾಯ ಮಾಡಿದ್ದರಿಂದ ಬರುವ ರೋಗವೆಂದು ಅದನ್ನು ಬೇರೆಯಾಗಿಯೇ ಹೇಳಿದೆ. ಕೊಳೆಯಿಂದ ಬರುವುದು ಒಂದು, ಪೆಟ್ಟಿನಿಂದ ಬರುವುದು ಇನ್ನೊಂದು ಎಂಬ ವಿವೇಕ ಅಷ್ಟು ಹಿಂದೆಯೇ ಇತ್ತು. ಚರಕ ಸಂಹಿತೆ ದಿನಕ್ಕೆ ಎರಡು ಹೊತ್ತು ಹಲ್ಲುಜ್ಜಬೇಕೆಂದು ಹೇಳಿ, ಜೊತೆಗೇ ವಸಡಿಗೆ ಬಾಧೆಯಾಗದಂತೆ ಉಜ್ಜಬೇಕೆಂದು ಎಚ್ಚರಿಸುತ್ತದೆ. ಇಂದಿನ ದಂತವೈದ್ಯರೂ ಇದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ಆದರೆ ಗ್ರಂಥ ಓಲೆಗರಿಯಲ್ಲಿತ್ತು, ಹಲ್ಲುಜ್ಜುವುದು ಬಚ್ಚಲಲ್ಲಿ ನಡೆಯುತ್ತಿತ್ತು. ಮನೆಮನೆಯಲ್ಲಿ ಇದ್ದುದು ಬೇವಿನ ಕಡ್ಡಿ, ಮಾವಿನ ಎಲೆ, ಉಪ್ಪು, ಇದ್ದಿಲು, ಉಮಿಕರಿ; ಕೆಲವೆಡೆ ಇಟ್ಟಿಗೆಯ ಪುಡಿ. ಚರಕನ ಎರಡು ಮಾತುಗಳಲ್ಲಿ ಮೊದಲನೆಯದನ್ನು ಅರ್ಧ ಪಾಲಿಸಿ, ಎರಡನೆಯದನ್ನು ಪೂರ್ತಿ ಬಿಟ್ಟೆವು. ಪಾತ್ರೆ ತಿಕ್ಕುವ ರಭಸದಲ್ಲಿ ಹಲ್ಲು ತಿಕ್ಕಿದರೆ ಹಲ್ಲು ಹೊಳೆಯುವುದು ನಿಜ. ಆದರೆ ವಸಡು ಪಾತ್ರೆಯಲ್ಲ. 1913ರಲ್ಲಿ ನಂಜನಗೂಡಿನಲ್ಲಿ ವೈದ್ಯ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿ ಕನ್ನಡ ನಾಡಿನ ಮನೆಮಾತಾಯಿತು. ಹೊತ್ತಿಗೊಂದು ಬಗೆಯಾಗಿದ್ದ ಹಲ್ಲುಜ್ಜುವಿಕೆ ಪೊಟ್ಟಣದ ಪುಡಿಯಿಂದಾಗಿ ನಿತ್ಯದ ಕಟ್ಟಳೆಯಾಯಿತು. ಆ ಬಳಿಕ 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಮಾರಾಟಕ್ಕೆ ಬಂತು. ಬ್ರಷ್ ಬಂದ ಮೇಲೆ ಕೊಳೆಯ ರೋಗ ಕಡಿಮೆಯಾಗುವ ದಾರಿ ತೆರೆಯಿತು. ತಿಕ್ಕುವ ರೋಗಕ್ಕೂ ಹೊಸ ಆಯುಧ ಸಿಕ್ಕಿತು.

ಇದು ಬರಿಯ ತರ್ಕವಲ್ಲ. ಹೆರಾಲ್ಡ್ ಲೋ ಎಂಬ ದಂತವಿಜ್ಞಾನಿಯೂ ಅವರ ಸಂಗಡಿಗರೂ 1969ರಲ್ಲಿ ನಾರ್ವೆಯ ವಿದ್ಯಾವಂತ ಯುವಕರನ್ನೂ, 1970ರಲ್ಲಿ ಶ್ರೀಲಂಕೆಯ ಚಹಾ ತೋಟದ ಕೂಲಿಗಾರರನ್ನೂ ಪರೀಕ್ಷಿಸಲು ಆರಂಭಿಸಿ, ಅವೇ ಬಾಯಿಗಳನ್ನು ವರ್ಷಗಟ್ಟಲೆ ನೋಡುತ್ತ ಬಂದರು. ಒಂದು ಕಡೆ ನಿತ್ಯ ಬ್ರಷ್ ಹಿಡಿದವರು, ಕಾಲಕಾಲಕ್ಕೆ ವೈದ್ಯರನ್ನು ಕಂಡವರು. ಇನ್ನೊಂದು ಕಡೆ ಬ್ರಷ್ಷನ್ನೂ ವೈದ್ಯರನ್ನೂ ಕಾಣದವರು. 1992ರಲ್ಲಿ ವಸಡಿನ ಲೆಕ್ಕ ಪ್ರಕಟವಾಯಿತು. ಶ್ರೀಲಂಕೆಯವರಲ್ಲಿ 30ರ ವಯಸ್ಸಿಗೆ ನೂರಕ್ಕೆ 90 ಮಂದಿಗೆ ವಸಡು ಸರಿದಿತ್ತು. ಅದೂ ಹಲ್ಲಿನ ಹೊರಮೈ, ಒಳಮೈ, ಸಂದು ಎಲ್ಲ ಕಡೆ. ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿದ್ದುದು ನಾರ್ವೆಯವರಲ್ಲಿ. ಅವರಲ್ಲೂ 20ರ ವಯಸ್ಸಿಗೇ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿಗೆ, 50ರ ಹೊತ್ತಿಗೆ 90ಕ್ಕಿಂತ ಹೆಚ್ಚು ಮಂದಿಗೆ ವಸಡು ಸರಿದಿತ್ತು. ಆದರೆ ಅವರಲ್ಲಿ ಅದು ಮುಖ್ಯವಾಗಿ ಹಲ್ಲಿನ ಹೊರಮೈಯಲ್ಲಿ, ಬ್ರಷ್ ಜೋರಾಗಿ ಆಡುವ ಜಾಗದಲ್ಲಿ. ಒಬ್ಬರದು ಅಲಕ್ಷ್ಯದ ದಾರಿ, ಇನ್ನೊಬ್ಬರದು ಅತಿಲಕ್ಷ್ಯದ ದಾರಿ. ಸುಶ್ರುತ ಬೇರೆಬೇರೆಯಾಗಿ ಹೇಳಿದ ಎರಡು ದಾರಿಗಳೂ ಇಲ್ಲಿ ಅಂಕಿಗಳಲ್ಲಿ ಕಾಣಿಸಿಕೊಂಡವು.

ಶಿವಮೊಗ್ಗೆಯ ಕಡೆಯವರಿಗೆ ಈ ಸಂದರ್ಭದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅದು ಕವಳದ ಮಾತು. ತಾಂಬೂಲ ನಮ್ಮ ಸಂಸ್ಕೃತಿಯಲ್ಲಿ ಬೆರೆತಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳ ಸಾಲಿನಲ್ಲಿ ತಾಂಬೂಲಕ್ಕೆ ಪ್ರತ್ಯೇಕ ಸ್ಥಾನವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಎಲೆ ಅಡಿಕೆಯ ಗುಣಗಾನ ಮಾಡಿದ್ದಾನೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಮಾರುಕಟ್ಟೆಯ ಹೆಸರುಗಳು ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಅನ್ನದ ಹೆಸರುಗಳೂ ಹೌದು. ಮಗಳ ಮದುವೆ, ಮಗನ ಓದು ಎಲ್ಲವೂ ಅಡಿಕೆಯ ಧಾರಣೆಯ ಮೇಲೆ ನಿಂತಿವೆ. ಇಷ್ಟಿದ್ದರೂ ಸತ್ಯವನ್ನು ಮುಚ್ಚಿಡಲಾಗದು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು, ಹೊಗೆಸೊಪ್ಪು ಸೇರಿಸದಿದ್ದರೂ, ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ವಸಡಿನ ಮಟ್ಟಿಗೆ ಹೇಳುವುದಾದರೆ, ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತಿ ಇಟ್ಟುಕೊಳ್ಳುವವರ ವಸಡು ಅದೇ ಜಾಗದಲ್ಲಿ ಹಿಂದೆ ಸರಿಯುವುದನ್ನು ದಂತವೈದ್ಯರು ನಿತ್ಯ ಕಾಣುತ್ತಾರೆ. ಬೆಳೆಯುವ ಕೈಯನ್ನು ದೂರುವುದಲ್ಲ ಇದು. ಆ ಕೈಗಳಿಗೆ ಬೇರೆ ದಾರಿ ಹುಡುಕುವುದು ನಾಡಿನ ಹೊಣೆ. ಆದರೆ ಬಾಯಿ ಮಾತ್ರ ಅವರವರದೇ.

ಇನ್ನು ಶಸ್ತ್ರಕ್ರಿಯೆಯ ಕಥೆ. ಯೂರೋಪಿನಲ್ಲಿ ದಂತವೈದ್ಯಕ್ಕೆ ಶಾಸ್ತ್ರದ ರೂಪ ಕೊಟ್ಟವನು ಫ್ರಾನ್ಸಿನ ಪಿಯೆರ್ ಫೋಷಾರ್. ಅವನ ಗ್ರಂಥ ಹೊರಬಂದುದು 1728ರಲ್ಲಿ. ಹಲ್ಲಿನ ಮೇಲೆ ಕಟ್ಟಿದ ಕಿಟ್ಟವನ್ನು ಕೆರೆದು ತೆಗೆಯಬೇಕೆಂದು ಅವನು ಬೋಧಿಸಿದನು. ನಂತರದ ಶತಮಾನದಲ್ಲಿ ಅಮೆರಿಕದ ಜಾನ್ ರಿಗ್ಸ್ ಎಂಬಾತ ಇದೇ ಮಾತನ್ನು ಹಟ ಹಿಡಿದು ಸಾರಿದ. 1844ರ ಡಿಸೆಂಬರ್ 11ರಂದು ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನಗೆಯನಿಲವನ್ನು ಸೇದಿ ನೋವಿಲ್ಲದೆ ಹಲ್ಲು ಕೀಳಿಸಿಕೊಂಡನಷ್ಟೆ. ಆ ಹಲ್ಲು ಕಿತ್ತ ಕೈ ಈ ರಿಗ್ಸನದೇ. ವಸಡಿನ ರೋಗಕ್ಕೆ ಬಹುಕಾಲ ರಿಗ್ಸನ ರೋಗವೆಂದೇ ಹೆಸರಿತ್ತು. ಹಲ್ಲನ್ನು ಶುಚಿ ಮಾಡಿ, ವಸಡನ್ನು ಕೊಯ್ಯಬೇಡಿ ಎಂಬುದು ಅವನ ಮತ. ಎಲ್ಲರೂ ಕೇಳಲಿಲ್ಲ. 1884ರಲ್ಲಿ ರೋಬಿಚೆಕ್ ಎಂಬ ವೈದ್ಯ ರೋಗ ಹಿಡಿದ ವಸಡಿನ ಅಂಚನ್ನೇ ಕೊಯ್ದು ತೆಗೆಯುವ ವಿಧಾನವನ್ನು ವಿವರಿಸಿದ. ಕೀವಿನ ಚೀಲ ಹೋಯಿತು, ಜೊತೆಗೆ ವಸಡೂ ಹೋಯಿತು. ಬದುಕಿಕೊಂಡ ಹಲ್ಲು ಉದ್ದನೆಯ ಬೇರು ತೋರಿಸುತ್ತ ನಿಂತಿತು. ಹೀಗೆ ವಸಡಿನ ಶಸ್ತ್ರಕ್ರಿಯೆ ತನ್ನ ಮೊದಲ ದಿನಗಳಲ್ಲಿ ವಸಡನ್ನು ಕಳೆಯುವ ವಿದ್ಯೆಯಾಗಿತ್ತು. ಕಳೆದುದನ್ನು ತುಂಬುವ ವಿದ್ಯೆಗೆ ಬೇರೊಂದು ತತ್ತ್ವ ಬೇಕಾಗಿತ್ತು. ಆ ತತ್ತ್ವ ಪಶ್ಚಿಮಕ್ಕೆ ಹೋದುದು ನಮ್ಮ ದೇಶದಿಂದ.

ಮೂರನೆಯ ಮೈಸೂರು ಯುದ್ಧ 1790ರಿಂದ 1792ರವರೆಗೆ ನಡೆಯಿತು. ನಮ್ಮ ಶಿವಮೊಗ್ಗೆಯೂ ಅದರ ಬೆಂಕಿಗೆ ಸಿಕ್ಕಿದ ಊರು. 1791ರ ಡಿಸೆಂಬರ್ 29ರಂದು ಪರಶುರಾಮ ಭಾವುವಿನ ಮರಾಠಾ ಸೈನ್ಯ ಮತ್ತು ಕ್ಯಾಪ್ಟನ್ ಲಿಟ್ಲನ ಬೊಂಬಾಯಿ ಸಿಪಾಯಿಗಳು ಶಿವಮೊಗ್ಗೆಯ ಬಳಿ ಮೈಸೂರಿನ ದಂಡನ್ನು ಸೋಲಿಸಿದರು. ಕೆಲವೇ ದಿನಗಳಲ್ಲಿ ಕೋಟೆ ಅವರ ವಶವಾಯಿತು. ಈ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಾ ದೇಶದವನು ಟಿಪ್ಪುವಿನ ಕಡೆಯವರ ಕೈಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷ ಅವನು ಮೂಗಿಲ್ಲದೆ ಬಾಳಿದ. ಬಳಿಕ ಪುಣೆಯ ಸಮೀಪದಲ್ಲಿ, ಇಟ್ಟಿಗೆ ಮಾಡುವ ಕುಲಕ್ಕೆ ಸೇರಿದ ಒಬ್ಬಾತ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಇಬ್ಬರು ಇಂಗ್ಲಿಷ್ ವೈದ್ಯರು ನಿಂತು ನೋಡಿದರು. ಅದರ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಕಾವಸ್‌ಜಿಯ ಚಿತ್ರದ ಸಮೇತ ಅಚ್ಚಾಯಿತು.

ಆ ವೈದ್ಯ ಮಾಡಿದ್ದೇನು? ಮೇಣದ ತಗಡನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲೆ ಹರಡಿ, ಸುತ್ತ ಗೆರೆ ಹಾಕಿ ಅಷ್ಟು ಚರ್ಮವನ್ನು ಬಿಡಿಸಿದ. ಆದರೆ ಪೂರ್ತಿ ಕತ್ತರಿಸಲಿಲ್ಲ. ಎರಡು ಕಣ್ಣಿನ ನಡುವೆ ಒಂದು ಪಟ್ಟಿಯನ್ನು ಹಾಗೆಯೇ ಬಿಟ್ಟ. ಆ ಪಟ್ಟಿಯ ಮೂಲಕ ರಕ್ತ ಹರಿಯುತ್ತಿದ್ದಂತೆ ಚರ್ಮವನ್ನು ತಿರುಗಿಸಿ ಮೂಗಿನ ಜಾಗಕ್ಕೆ ಕೂಡಿಸಿದ. ಕೂಡಿಸಿದ ಅಂಚಿಗೆ ಅಂಟಾಗಿ ಬಳಸಿದ್ದು ಏನು ಗೊತ್ತೆ? ನೀರಲ್ಲಿ ನೆನೆಸಿದ ಕಾಚು! ಹೌದು, ನಮ್ಮ ತಾಂಬೂಲದ ತಟ್ಟೆಯಲ್ಲಿರುವ ಕಾಚೇ. ಸುಮಾರು 25ನೆಯ ದಿನ, ಹೊಸ ಜಾಗದಲ್ಲಿ ಚರ್ಮ ಬೇರೂರಿದ ಮೇಲೆ, ಆ ಪಟ್ಟಿಯನ್ನು ಕತ್ತರಿಸಿದ. ಮೂಗು ಕಟ್ಟುವ ವಿದ್ಯೆ ಸುಶ್ರುತನ ಗ್ರಂಥದಲ್ಲಿದೆ. ಗ್ರಂಥ ಓದದ ಕೈಗಳಲ್ಲೂ ಅದು ಕುಲವಿದ್ಯೆಯಾಗಿ ಬದುಕಿತ್ತು. ವರದಿಯನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಇದೇ ಕ್ರಿಯೆಯನ್ನು ಮಾಡಿ, 1816ರಲ್ಲಿ ಅದರ ಮೇಲೆ ಪುಸ್ತಕ ಬರೆದ. ಯುದ್ಧದ ಕ್ರೌರ್ಯ ಒಬ್ಬನ ಮುಖ ಕೆಡಿಸಿತು. ಹೆಸರು ಉಳಿಯದ ಒಬ್ಬ ಕುಶಲಿಯ ಕೈ ಜಗತ್ತಿಗೆ ಪಾಠ ಹೇಳಿತು.

ಆ ಪಾಠ ಇಷ್ಟೇ: ಎರವಲು ತಂದ ಜೀವಂತ ಮಾಂಸ ರಕ್ತ ಸಿಕ್ಕಿದರೆ ಬದುಕುತ್ತದೆ, ಸಿಗದಿದ್ದರೆ ಸಾಯುತ್ತದೆ. 1956ರಲ್ಲಿ ಅಮೆರಿಕದ ಗ್ರೂಪ್ ಮತ್ತು ವಾರನ್ ಎಂಬ ಇಬ್ಬರು ವಸಡಿಗೆ ಈ ತತ್ತ್ವವನ್ನು ಅನ್ವಯಿಸಿ ಒಂದು ವಿಧಾನವನ್ನು ಪ್ರಕಟಿಸಿದರು. ಪಕ್ಕದ ಹಲ್ಲಿನ ಮುಂದಿರುವ ಒಳ್ಳೆಯ ವಸಡನ್ನು ಬುಡ ಕತ್ತರಿಸದೆ ಬಿಡಿಸಿ, ಮಗ್ಗುಲಿಗೆ ಸರಿಸಿ, ಬತ್ತಲಾದ ಬೇರಿನ ಮೇಲೆ ಹೊದಿಸಿ ಹೊಲಿಯುವುದು. ಪುಣೆಯ ವೈದ್ಯ ಹಣೆಯಿಂದ ಮೂಗಿಗೆ ಮಾಡಿದ್ದನ್ನು ಇವರು ಹಲ್ಲಿನಿಂದ ಹಲ್ಲಿಗೆ ಮಾಡಿದರು. ಆದರೆ ನೆರೆಯವನಲ್ಲಿ ಕೊಡುವಷ್ಟು ಇಲ್ಲದಿದ್ದರೆ? 1963ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಎಂಬಾತ ವಸಡಿನ ತುಂಡನ್ನು ಪೂರ್ತಿ ಬೇರ್ಪಡಿಸಿ ಬೇರೆಡೆ ನೆಡುವ ಕ್ರಮವನ್ನು ವರದಿ ಮಾಡಿದ. 1968ರಲ್ಲಿ ಅಮೆರಿಕದ ಸಲಿವನ್ ಮತ್ತು ಅಟ್ಕಿನ್ಸ್ ಅದರ ನಿಯಮಗಳನ್ನು ವಿವರವಾಗಿ ಬರೆದರು. ಈ ಕಸಿಗೆ ಬೇಕಾದ ಮಾಂಸ ಸಿಗುವ ಕಣಜ ಬಾಯಿಯ ಅಂಗುಳ.

ಕಸಿ ಎಂಬ ಕನ್ನಡದ ಮಾತೇ ಇಲ್ಲಿ ಎಲ್ಲವನ್ನೂ ಹೇಳುತ್ತದೆ. ನವುಲೆಯ ಕೃಷಿ ಕಾಲೇಜಿನ ನೆರೆಯವರಿಗೆ ಮಾವಿನ ಕಸಿಯನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಕುಡಿ ಒಣಗುವ ಮುನ್ನ ಕೂಡಿಸಬೇಕು, ಹಸಿ ಭಾಗ ಹಸಿ ಭಾಗಕ್ಕೆ ತಾಕಬೇಕು, ಕಟ್ಟು ಅಲ್ಲಾಡಬಾರದು. ವಸಡಿಗೂ ಇದೇ ಶಾಸ್ತ್ರ. ಮೊದಲ ಒಂದೆರಡು ದಿನ ನೆಟ್ಟ ತುಂಡು ಕೆಳಗಿನಿಂದ ಒಸರುವ ದ್ರವವನ್ನೇ ಕುಡಿದು ಬದುಕುತ್ತದೆ. ಆಮೇಲೆ ಸಣ್ಣ ರಕ್ತನಾಳಗಳು ಕೂಡಿಕೊಳ್ಳುತ್ತವೆ. ತೊಂದರೆ ಎಲ್ಲಿ ಬರುತ್ತದೆಂದರೆ, ಬತ್ತಲೆ ಬೇರು ಕಲ್ಲಿನಂಥದು; ಅದರಿಂದ ರಕ್ತ ಬಾರದು. ಆದ್ದರಿಂದ ಸುತ್ತಲಿನ ಜೀವಂತ ವಸಡೇ ನಡುವಿನ ತುಂಡನ್ನು ಸಾಕಬೇಕು. ಈ ಕಷ್ಟವನ್ನು ಬಹುಮಟ್ಟಿಗೆ ಬಗೆಹರಿಸಿದವರು 1985ರಲ್ಲಿ ಲ್ಯಾಂಗರ್ ಎಂಬ ಹೆಸರಿನ ಇಬ್ಬರು. ಅಂಗುಳದ ಮೇಲ್ಪದರವನ್ನು ಅಲ್ಲಿಯೇ ಬಿಟ್ಟು ಒಳಗಿನ ನಾರುಪದರವನ್ನು ಮಾತ್ರ ತೆಗೆದು, ಬೇರಿನ ಮೇಲಿಟ್ಟು, ಅದರ ಮೇಲೆ ಅಲ್ಲಿನ ವಸಡನ್ನೇ ಎಳೆದು ಹೊದಿಸುವುದು ಅವರ ವಿಧಾನ. ಕೆಳಗಿನಿಂದಲೂ ಮೇಲಿನಿಂದಲೂ ರಕ್ತ ಸಿಗುತ್ತದೆ, ಬಣ್ಣವೂ ಹೊಂದುತ್ತದೆ, ಅಂಗುಳದ ಗಾಯವೂ ಸುಲಭವಾಗಿ ಮಾಯುತ್ತದೆ. ಇಂದಿಗೂ ಈ ಚಿಕಿತ್ಸೆಯಲ್ಲಿ ಬೇರೆ ವಿಧಾನಗಳನ್ನು ಅಳೆಯುವ ಮಾನದಂಡ ಇದೇ.

ಅದೇ 1985ರಲ್ಲಿ ಮಿಲ್ಲರ್ ಎಂಬ ವೈದ್ಯ ಸರಿದ ವಸಡನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ. ಈ ವಿಂಗಡಣೆಯ ಸಾರ ರೋಗಿಗೆ ತಿಳಿದಿರುವುದು ಒಳ್ಳೆಯದು. ಎರಡು ಹಲ್ಲುಗಳ ಸಂದಿನಲ್ಲಿರುವ ಎಲುಬೂ ವಸಡೂ ಗಟ್ಟಿಯಾಗಿದ್ದರೆ ಬೇರನ್ನು ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಸಂದಿನ ಎಲುಬು ಸ್ವಲ್ಪ ಕರಗಿದ್ದರೆ ಅರ್ಧಂಬರ್ಧ ಮುಚ್ಚೀತು. ತೀರ ಕರಗಿದ್ದರೆ ಮುಚ್ಚುವುದಿಲ್ಲ. ಅಂದರೆ ಇಂದು ಬಂದರೆ ಆಗುವ ಕೆಲಸ, ಐದು ವರ್ಷ ಕಳೆದು ಬಂದರೆ ಯಾವ ನಿಪುಣನಿಂದಲೂ ಆಗದಿರಬಹುದು. ತಡ ಮಾಡುವವನು ಕಳೆದುಕೊಳ್ಳುವುದು ಇದನ್ನೇ. ಆದ್ದರಿಂದ ವೈದ್ಯರಲ್ಲಿ "ಆಪರೇಷನ್ ಎಷ್ಟಾಗುತ್ತದೆ" ಎಂದು ಕೇಳುವ ಮುನ್ನ, "ಸಂದಿನ ಎಲುಬು ಹೇಗಿದೆ, ಎಷ್ಟು ಮುಚ್ಚುತ್ತದೆ" ಎಂದು ಕೇಳಿ.

ಸರಿದ ವಸಡಿಗೆಲ್ಲ ಶಸ್ತ್ರ ಬೇಕೆಂದೂ ಇಲ್ಲ. ಸ್ವಲ್ಪವೇ ಸರಿದಿದ್ದು, ಜುಮ್ಮೆನ್ನದೆ, ಮುಂದುವರಿಯದೆ ನಿಂತಿದ್ದರೆ ಉಜ್ಜುವ ಕ್ರಮ ತಿದ್ದಿಕೊಂಡು ಕಾದು ನೋಡಬಹುದು. ಕಿಟ್ಟ ಕಟ್ಟಿ ರಕ್ತ ಬರುತ್ತಿದ್ದರೆ ಮೊದಲು ಅದನ್ನು ಶುಚಿ ಮಾಡಿಸಬೇಕು. ಕಳೆಯ ನಡುವೆ ಯಾರೂ ಸಸಿ ನೆಡುವುದಿಲ್ಲ. ಹಲ್ಲು ಶುಚಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ನಮ್ಮಲ್ಲಿ ಪ್ರಚಾರದಲ್ಲಿದೆ. ಸಡಿಲ ಮಾಡಿದ್ದು ಕಿಟ್ಟ ಮತ್ತು ಅದರಡಿಯ ರೋಗ. ಅದನ್ನು ತೆಗೆದಾಗ ನಿಜಸ್ಥಿತಿ ಕಾಣುತ್ತದೆ ಅಷ್ಟೆ. ಜುಮ್ಮೆನ್ನುವುದು ಹೆಚ್ಚಿದ್ದರೆ, ವಸಡು ವರ್ಷದಿಂದ ವರ್ಷಕ್ಕೆ ಸರಿಯುತ್ತಿದ್ದರೆ, ಬೇರು ಸವೆಯುತ್ತಿದ್ದರೆ ಕಸಿಯ ಮಾತು ಬರುತ್ತದೆ. ಸ್ಥಳೀಯ ಅರಿವಳಿಕೆಯ ಸೂಜಿ ಕೊಟ್ಟು ಕುರ್ಚಿಯಲ್ಲಿ ಕೂರಿಸಿಯೇ ಮಾಡುತ್ತಾರೆ. ಬಳಿಕ ಕೆಲವು ವಾರ ಆ ಜಾಗಕ್ಕೆ ಬ್ರಷ್ ತಾಕಿಸದೆ, ವೈದ್ಯರು ಕೊಟ್ಟ ಔಷಧದ ನೀರಿನಿಂದ ಮುಕ್ಕಳಿಸುತ್ತ, ಮೆತ್ತನೆಯ ಆಹಾರದಲ್ಲಿ ಇರಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಕಸಿ ಕೂಡುವುದು ಕಡಿಮೆ. ಹೊಗೆ ರಕ್ತದ ಹರಿವನ್ನು ಕುಗ್ಗಿಸುತ್ತದೆ, ಕಸಿಗೆ ರಕ್ತವೇ ಜೀವ.

ಇದಕ್ಕೆಲ್ಲ ದೂರದೇಶಕ್ಕೆ ಹೋಗಬೇಕಾದ ಕಾಲ ಎಂದೋ ಕಳೆಯಿತು. 1948ರಲ್ಲಿ ದಂತವೈದ್ಯರ ಕಾಯಿದೆ ಬಂದು ಈ ವೃತ್ತಿಗೆ ದೇಶದಲ್ಲಿ ಒಂದು ಕಟ್ಟುಪಾಡು ಏರ್ಪಟ್ಟಿತು. 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು, 1965ರಲ್ಲಿ ಮಣಿಪಾಲದ ಕಾಲೇಜು, 1979ರಲ್ಲಿ ದಾವಣಗೆರೆಯ ಬಾಪೂಜಿ ಕಾಲೇಜು ಆರಂಭವಾದವು. ಆಮೇಲೆ ಶಿವಮೊಗ್ಗೆಗೂ ದಂತವೈದ್ಯ ಕಾಲೇಜು ಬಂದಿತು. ಮಣಿಪಾಲದ ಕಾಲೇಜು ಹುಟ್ಟಿದ 1965ರಲ್ಲೇ ಭದ್ರಾವತಿಯ ಆಕಾಶವಾಣಿಯೂ ಹುಟ್ಟಿತು. ಅಂದು ರೇಡಿಯೋ ಮುಂದೆ ಕೂತ ಮನೆಗಳಿಗೆ ಹಲ್ಲಿನ ವೈದ್ಯನೆಂದರೆ ಹಲ್ಲು ಕೀಳುವವನು; ವಸಡಿಗೇ ಒಬ್ಬ ತಜ್ಞನಿರುತ್ತಾನೆಂದರೆ ನಗುತ್ತಿದ್ದರು. ಇಂದು ನಮ್ಮ ಪಟ್ಟಣಗಳಲ್ಲೇ ಅಂಥ ತಜ್ಞರಿದ್ದಾರೆ.

ವಾಚಕರೇ, ಇತಿಹಾಸದಿಂದ ಕಡೆಗೆ ತೆಗೆದುಕೊಳ್ಳಬೇಕಾದುದು ದೊಡ್ಡದೇನೂ ಅಲ್ಲ. ಎಳೆ ಮೆತ್ತಗಿರುವ ಬ್ರಷ್ ಕೊಳ್ಳಿ. ಪೆನ್ಸಿಲ್ ಹಿಡಿದಷ್ಟು ಹಗುರವಾಗಿ ಹಿಡಿದು, ಹಲ್ಲೂ ವಸಡೂ ಕೂಡುವ ಗೆರೆಗೆ ಓರೆಯಾಗಿಟ್ಟು, ಅಡ್ಡಡ್ಡ ಎಳೆಯದೆ ಸಣ್ಣಗೆ ಆಡಿಸಿ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ. ಹೊಗೆಸೊಪ್ಪು ಬಿಡಿ, ಕವಳವನ್ನೂ ಬಿಡಿ. ವರ್ಷಕ್ಕೊಮ್ಮೆಯಾದರೂ ಬಾಯಿ ತೋರಿಸಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಅವರು ತಾವಾಗಿ ಹೇಳಿಕೊಳ್ಳುವುದಿಲ್ಲ. ವಸಡು ಸರಿದಿದೆ ಎಂದರೆ ಹೆದರಬೇಡಿ, ಹಾಗೆಂದು ಕಾಯಲೂ ಬೇಡಿ. ಹಣೆಯ ಚರ್ಮದಿಂದ ಮೂಗು ಕಟ್ಟಿದ ನಾಡಿನವರು ನಾವು. ಅಂಗುಳದಿಂದ ವಸಡು ಕಟ್ಟುವುದಕ್ಕೆ ಅಂಜಬೇಕಾಗಿಲ್ಲ. ಕಡಲೆ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹಲ್ಲನ್ನು ಉಳಿಸಿಕೊಳ್ಳುವುದು ಮಾತ್ರ ನಮಗೆ ಬಿಟ್ಟದ್ದು.